ಅತ್ತೆಯ ಕೊನೆಯ ಸೀಸೆ

4 ಮಾರ್ಚ್ 2008

ಪ್ರೀತಿಯ ಗಾಜು,

ಈ ಹೆಸರಿನಲ್ಲಿ ನಿನ್ನನ್ನು ಕರೆದು ಕಾಲು ಶತಮಾನವಾಯಿತು. ಅಲ್ಲಿ ಶಾಲೆಯಲ್ಲಿ ಎಲ್ಲರಿಗೂ ನೀನು ವಿಜ್ಞಾನದ ಟೀಚರ್. ನನಗೆ ಮಾತ್ರ ನಮ್ಮ ಲ್ಯಾಬಿಗೆ ಸೇರಿದ ವಾರವೇ ಕಪಾಟಿನ ಅರ್ಧ ಬೀಕರುಗಳನ್ನು ಒಡೆದು, ಚೂರು ಗುಡಿಸುತ್ತಾ ನಗುತ್ತಿದ್ದವಳು. ನಾನು ಇನ್ನೂ ಉಪ್ಪೇ. ದ್ರಾವಣಗಳಿಗೆ ಉಪ್ಪು ತೂಗುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ಅಂಟಿಕೊಂಡಿದೆ. ಬಾಗಿಲ ಮೇಲೆ ಮುಖ್ಯಸ್ಥೆ ಎಂದು ಬರೆದಿದ್ದರೂ ಹಿಂದಿನಿಂದ ಎಲ್ಲರೂ 'ಉಪ್ಪು ಮೇಡಂ' ಎಂದೇ ಅನ್ನುತ್ತಾರೆ.

ಹೊಸ ವರ್ಷದ ಕಾರ್ಡಿನಲ್ಲಿ 'ಕ್ಷೇಮ' ಎಂದು ಬರೆಯುವುದನ್ನು ಬಿಟ್ಟರೆ ನಾವು ಒಬ್ಬರಿಗೊಬ್ಬರು ಏನನ್ನೂ ಬರೆದಿಲ್ಲ. ಈಗ ಬರೆಯಲು ಕಾರಣವಿದೆ. ನಮ್ಮ ಹಳೆಯ ಮಹಡಿಯನ್ನು ಮುಚ್ಚುತ್ತಿದ್ದಾರೆ. ಜೂನ್ ಕೊನೆಗೆ ನಾನೂ ನಿವೃತ್ತಳಾಗುತ್ತೇನೆ. ಮೊನ್ನೆ ಮೂಲೆಯ ದೊಡ್ಡ ಫ್ರೀಜರನ್ನು ಖಾಲಿ ಮಾಡಿಸುತ್ತಿದ್ದೆ. ಕೆಳಗಿನ ಅರೆಯಲ್ಲಿ ಹಿಮ ಗಟ್ಟಿಯಾಗಿ ಒಳಗಿರುವುದೇನೂ ಕಾಣುತ್ತಿರಲಿಲ್ಲ. ಕೆರೆದು ತೆಗೆದಾಗ ಕಿರುಬೆರಳಿಗಿಂತ ಚಿಕ್ಕ ಸೀಸೆಯೊಂದು ಸಿಕ್ಕಿತು. ಅದರ ಮೇಲೆ ನಿನ್ನ ದುಂಡು ಅಕ್ಷರ: 'ಅತ್ತೆ, ಐದನೇ ಸಲ'.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಜೊತೆಯಲ್ಲಿದ್ದವರು, "ಏನಾಯ್ತು ಮೇಡಂ, ಯಾರ ಅತ್ತೆ?" ಎಂದು ಕೇಳಿದರು. "ಮೊಲ" ಎಂದೆ. ಅವರು ಮುಖ ಮುಖ ನೋಡಿಕೊಂಡರು.

ಆಮೇಲೆ ಅವರನ್ನು ಕೂರಿಸಿಕೊಂಡು ಕಥೆ ಹೇಳಿದೆ. ಇನ್ಸುಲಿನ್ ಬಂದು ಕೂರುವ ರಿಸೆಪ್ಟರನ್ನು ಪತ್ತೆ ಮಾಡುವ ಆಂಟಿಬಾಡಿ ಆಗೆಲ್ಲ ಕೊಳ್ಳಲು ಸಿಗುತ್ತಿರಲಿಲ್ಲ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಆಸ್ಪತ್ರೆಯಿಂದ ಬೇಡಿ ತಂದು, ಅದರಿಂದ ರಿಸೆಪ್ಟರನ್ನು ಬೇರ್ಪಡಿಸಿ, ಒಂದು ಬಿಳಿ ಮೊಲಕ್ಕೆ ಚುಚ್ಚಿದೆವು. ತನ್ನದಲ್ಲದ ಆ ವಸ್ತುವನ್ನು ಹುಡುಕಿ ಹಿಡಿಯುವ ಆಂಟಿಬಾಡಿಯನ್ನು ಅವಳ ರಕ್ತ ತಯಾರಿಸಿತು. ಬಂದವರನ್ನೆಲ್ಲ ತಡವಾಗಿ ಎದ್ದ ಸೊಸೆಯನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡುತ್ತಿದ್ದುದರಿಂದ ಅವಳಿಗೆ ಅತ್ತೆ ಎಂದು ಹೆಸರಾಯಿತು. ಇನ್ನೊಂದು ಮೊಲಕ್ಕೆ ಚುಚ್ಚಿದರೆ ಇನ್ನೊಂದು ಬಗೆಯ ಆಂಟಿಬಾಡಿ ಬರುತ್ತದೆ. ಅತ್ತೆಯದರಂಥದ್ದು ಮತ್ತೆ ಬರಲೇ ಇಲ್ಲ. ಅವಳು ಹೋದ ಮೇಲೆ ಉಳಿದದ್ದನ್ನು ನಾವು ತುಪ್ಪದ ಹಾಗೆ ತೊಟ್ಟು ತೊಟ್ಟಾಗಿ ಬಳಸಿದೆವು. ಈಗ ಐದನೇ ಸಲ ತೆಗೆದ ಅವಳ ರಕ್ತದ ಸೀರಮ್ಮಿರುವ ಇದೊಂದೇ ಸೀಸೆ. ಒಮ್ಮೆ ಕರಗಿಸಿದರೆ ಮತ್ತೆ ಹೆಪ್ಪುಗಟ್ಟಿಸಿ ಇಡಲು ಬರುವುದಿಲ್ಲ, ಶಕ್ತಿ ಹೋಗಿಬಿಡುತ್ತದೆ.

ಏನು ಮಾಡಲಿ ಹೇಳು. ಅತ್ತೆಯನ್ನು ಸಾಕಿದವಳು ನೀನು, ಹಕ್ಕು ನಿನ್ನದು. ಅಕ್ಷರ ಕೆಟ್ಟಿದ್ದರೆ ಬೇಸರಿಸಬೇಡ, ಆತುರದಲ್ಲಿ ಬರೆದೆ.

ನಿನ್ನ
ಉಪ್ಪು


17 ಮಾರ್ಚ್ 2008

ಉಪ್ಪೂ,

ನಿನ್ನ ಕಾಗದವನ್ನು ಮೊದಲು ಯಾರೋ ಡಾಕ್ಟರು ಬರೆದ ಚೀಟಿ ಎಂದುಕೊಂಡೆ. ಒಂದು ಸಾಲು ಬೆಟ್ಟ ಹತ್ತುತ್ತದೆ, ಇನ್ನೊಂದು ಹಳ್ಳಕ್ಕೆ ಇಳಿಯುತ್ತದೆ. ಅಳತೆಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದವಳು ನೀನು. ದೊಡ್ಡ ಹುದ್ದೆ ಬಂದರೆ ಅಕ್ಷರ ಹಾಳಾಗುತ್ತದೆ ಎನ್ನುವುದು ನಿಜವಿರಬೇಕು.

ಅತ್ತೆಯ ಹೆಸರು ಓದಿದ್ದೇ ತಡ, ಆ ಓಣಿಯ ವಾಸನೆ ಮೂಗಿಗೆ ಬಂತು. ಒಣಹುಲ್ಲು, ಸ್ಪಿರಿಟ್ಟು, ಪಕ್ಕದ ಕೋಣೆಯಲ್ಲಿ ಕುದಿಯುವ ಅಗರ್ ಗಂಜಿ. ಎಲ್ಲವೂ ಬೆರೆತ ಆ ವಾಸನೆಯನ್ನು ನಾನು ಇಷ್ಟು ವರ್ಷ ಮರೆತಿದ್ದೇನೆ ಎಂದುಕೊಂಡಿದ್ದೆ. ಐಸು ತುಂಬಿದ ಬಕೆಟ್ಟಿನಲ್ಲಿ ಮಾಸನ್ನು ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವಲ್ಲ, ನೆನಪಿದೆಯಾ? ಪಕ್ಕದ ಹೆಂಗಸು ಬಗ್ಗಿ, "ಮೀನಾ?" ಎಂದು ಕೇಳಿದಳು. ನೀನು ಮುಖ ಗಂಟು ಹಾಕಿಕೊಂಡು, "ಅಲ್ಲ, ಸಂಶೋಧನೆ" ಎಂದೆ. ಅವಳು, "ತಾಜಾ ಇದೆಯಾ?" ಎಂದಳು. ಇಳಿಯುವ ಜಾಗ ಬರುವವರೆಗೂ ನಾನು ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಿದ್ದೆ.

ತಟ್ಟೆ ಅಲುಗಿಸುವ ಯಂತ್ರ ಕೆಟ್ಟುಹೋಗಿದ್ದ ಆ ಚಳಿಗಾಲವೂ ನೆನಪಾಯಿತು. ಪ್ರೋಟೀನು ಅಂಟಿಸಿದ ಪೊರೆಯನ್ನು ತೊಳೆಯುವಾಗ ತಟ್ಟೆ ಅಲುಗುತ್ತಲೇ ಇರಬೇಕು, ಯಂತ್ರವಿಲ್ಲ. ತಂಪು ಕೋಣೆಯಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು, ತೊಟ್ಟಿಲು ತೂಗುವ ಹಾಗೆ ಸರದಿಯಲ್ಲಿ ತೂಗುತ್ತಾ, ಕಟ್ಟಡದಲ್ಲಿದ್ದವರ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದೆವು. ಅಷ್ಟು ಚಳಿಯಲ್ಲಿ ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಇರಲಿಲ್ಲ.

ಇರಲಿ. ಸೀಸೆಯನ್ನು ಎಸೆದುಬಿಡು. ಈಗ ಕಂಪನಿಗಳು ಇನ್ಸುಲಿನ್ ರಿಸೆಪ್ಟರಿನ ಆಂಟಿಬಾಡಿಯನ್ನು ಅಚ್ಚುಕಟ್ಟಾದ ಪೆಟ್ಟಿಗೆಯಲ್ಲಿ ಕಳಿಸುತ್ತವೆ ಎಂದು ಓದಿದ್ದೇನೆ. ಅದಕ್ಕೆ ಕ್ಯಾರೆಟ್ಟು ಬೇಡ, ಅದು ಮುನಿಸಿಕೊಂಡು ಬೆನ್ನು ತಿರುಗಿಸಿ ಕೂರುವುದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಹಕ್ಕನ್ನು ನಿನಗೇ ಬಿಟ್ಟುಕೊಟ್ಟಿದ್ದೇನೆ.

ನಮ್ಮ ಆಗಿನ ಮುಖ್ಯಸ್ಥರ ವಿಷಯ, ಅದೇ ದೊಡ್ಡವರ ವಿಷಯ, ನೀನು ಬರೆಯಲಿಲ್ಲ. ನಾನೂ ಕೇಳುವುದಿಲ್ಲ.

ಗಾಜು


29 ಮಾರ್ಚ್ 2008

ಪ್ರೀತಿಯ ಗಾಜು,

ಎಸೆಯುವುದು ಇದ್ದೇ ಇದೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಬಹುದು ಎಂದು ನನಗೆ ಹೊಳೆಯಿತು. ಹೊಳೆದ ಮೇಲೆ ಬೇರೆ ಯಾವುದೂ ತಲೆಗೆ ಹತ್ತುತ್ತಿಲ್ಲ.

ಫಿಲ್ಮಿನಲ್ಲಿ ನಿನಗೆ ಬಂದಿದ್ದ ಆ ಎರಡನೆಯ ಗೆರೆ ನೆನಪಿದೆಯಾ? ಎಳೆಯ ಇಲಿಯ ಮೂಳೆ ತುದಿಯಲ್ಲಿ ಬೆಳೆಯುವ ಮೃದ್ವಸ್ಥಿಯನ್ನು ಅರೆದು, ಅದರ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಹರಡಿ, ಬಿಳಿ ಪೊರೆಗೆ ಇಳಿಸಿ, ಅತ್ತೆಯ ಸೀರಮ್ಮಿನಲ್ಲಿ ನೆನೆಸಿ, ಅಂಟದೆ ಉಳಿದದ್ದನ್ನು ನೀನು ತೊಳೆದಿದ್ದೆ. ಆ ಪೊರೆಗೆ ಫಿಲ್ಮು ಒತ್ತಿಟ್ಟರೆ ರಿಸೆಪ್ಟರ್ ಇರುವ ಕಡೆ ಅದರ ಮೇಲೆ ಕಪ್ಪು ಗೆರೆ ಮೂಡಬೇಕು. ಮೂಡಿತು. ಅದರ ಕೂದಲೆಳೆಯಷ್ಟು ಮೇಲೆ ಇನ್ನೊಂದೂ ಮೂಡಿತು. ಬೆಳೆಯುವ ಮೂಳೆಯಲ್ಲಿ ಇನ್ಸುಲಿನ್ ರಿಸೆಪ್ಟರಿನ ಇನ್ನೊಂದು ರೂಪವೇ ಇದೆ ಎಂದು ನೀನು ಹೇಳುತ್ತಿದ್ದೆ. ಹೇಳುವಾಗ ನಿನ್ನ ಕಿವಿ ಕೆಂಪಾಗುತ್ತಿತ್ತು.

ಈಗ ನಮಗೆ ಗೊತ್ತಿರುವುದು ಹೆಚ್ಚು. ಇನ್ಸುಲಿನ್ ರಿಸೆಪ್ಟರಿಗೆ ಒಬ್ಬ ತಂಗಿ ಇದ್ದಾಳೆ. ಬೆಳವಣಿಗೆಗೆ ಸಂಬಂಧಪಟ್ಟ ಇನ್ನೊಂದು ಹಾರ್ಮೋನಿನ ರಿಸೆಪ್ಟರ್ ಅದು. ಇಬ್ಬರದೂ ಹೆಚ್ಚುಕಡಿಮೆ ಒಂದೇ ಮುಖ. ತಂಗಿಯನ್ನು ಮಾತ್ರ ಗುರುತಿಸಿ ಅಕ್ಕನನ್ನು ಮುಟ್ಟದ ಆಂಟಿಬಾಡಿ ಈಗ ನಮ್ಮಲ್ಲಿದೆ. ಪೊರೆಯನ್ನು ನಡುವೆ ಕತ್ತರಿಸಿ, ಒಂದು ಅರ್ಧವನ್ನು ಅತ್ತೆಗೂ ಇನ್ನೊಂದು ಅರ್ಧವನ್ನು ಇದಕ್ಕೂ ಒಪ್ಪಿಸಿದರೆ ನಿನ್ನ ಗೆರೆ ಯಾರೆಂದು ತಿಳಿಯುತ್ತದೆ. ನೀನು ಹೇಳಿದ ಹಾಗೆ ಅಕ್ಕನ ಇನ್ನೊಂದು ರೂಪವೋ, ತಂಗಿಯೋ, ಅಥವಾ ಬರೀ ಕೊಳೆಯೋ. ಅತ್ತೆಯ ಸೀರಮ್ಮು ಒಂದು ಸಲಕ್ಕೆ ಸಾಕಾಗುವಷ್ಟಿದೆ. ಮೃದ್ವಸ್ಥಿಯನ್ನು ಕೆಳಮಹಡಿಯ ಮೂಳೆ ಲ್ಯಾಬಿನವರು ಕೊಡುತ್ತಾರೆ.

ಒಂದು ಮಾತು ಹೇಳಿಬಿಡುತ್ತೇನೆ. ನಾನು ತಮ್ಮನ ಮದುವೆ ಮುಗಿಸಿ ಬಂದಾಗ ನಿನ್ನ ಬೆಂಚು ಖಾಲಿ ಇತ್ತು. 'ಅಪ್ಪನಿಗೆ ಹುಷಾರಿಲ್ಲ, ಹೋಗುತ್ತಿದ್ದೇನೆ' ಎಂಬ ಚೀಟಿಯೊಂದನ್ನು ಅತ್ತೆಯ ಪಂಜರಕ್ಕೆ ಸಿಕ್ಕಿಸಿದ್ದೆ. ಅವಳು ಅದರ ಅರ್ಧ ತಿಂದಿದ್ದಳು. ಅಪ್ಪ ಗುಣವಾದರು ಎಂದು ಆಮೇಲೆ ತಿಳಿಯಿತು, ಆದರೂ ನೀನು ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಊರಿನಲ್ಲಿ ಸುಖವಾದ ಕೆಲಸ ಸಿಕ್ಕಿತು, ನನ್ನನ್ನು ನಡುನೀರಿನಲ್ಲಿ ಕೈಬಿಟ್ಟಳು ಎಂದುಕೊಂಡೆ. ಈಗ ಸಿಟ್ಟಿಲ್ಲ. ಆ ಗೆರೆ ಯಾರೆಂದು ಮಾತ್ರ ನೋಡಬೇಕು.

ಉಪ್ಪು


2 ಮೇ 2008

ಗಾಜು,

ಮಾರ್ಚ್ ಕೊನೆಯಲ್ಲಿ ಬರೆದ ಕಾಗದ ತಲುಪಿರಬಹುದು. ಉತ್ತರ ಬಂದಿಲ್ಲ. ಜೂನ್ ಕೊನೆಗೆ ಈ ಮಹಡಿಯ ವಿದ್ಯುತ್ತನ್ನು ನಿಲ್ಲಿಸುತ್ತಾರೆ. ಮಾಡುವುದಾದರೆ ಅದರೊಳಗೆ ಮಾಡಬೇಕು. ನಿನ್ನ ಒಪ್ಪಿಗೆ ಇಲ್ಲದೆ ಸೀಸೆಯನ್ನು ಕರಗಿಸುವುದಿಲ್ಲ. ಹೌದು ಅಥವಾ ಇಲ್ಲ, ಒಂದು ಪದ ಸಾಕು.

ಉಪ್ಪು


11 ಮೇ 2008

ಮುಖ್ಯಸ್ಥೆಯವರಿಗೆ,

ತಾವು ಟೈಪು ಮಾಡಿಸಿ ಕಳಿಸಿದ ನೋಟಿಸು ಬಂದು ತಲುಪಿತು. ಮೊದಲು ಕಾಗೆ ಕಾಲು ಗುಬ್ಬಿ ಕಾಲು, ಆಮೇಲೆ ಕಚೇರಿಯ ಅಚ್ಚು. ನನಗೆ ಕೂತು ನಾಲ್ಕು ಸಾಲು ಬರೆಯಲು ಕೂಡ ನಿನಗೆ ಪುರುಸೊತ್ತಿಲ್ಲ, ಆದರೆ ನನ್ನ ಗೆರೆಯನ್ನು ಕೆದಕಲು ಪುರುಸೊತ್ತಿದೆ.

ನನ್ನ ಒಂದು ಪದ: ಇಲ್ಲ.

ಒಂದು ಪದಕ್ಕೆ ನೀನು ಸುಮ್ಮನಾಗುವವಳಲ್ಲ ಎಂದು ಗೊತ್ತು, ಅದಕ್ಕೆ ಉಳಿದದ್ದನ್ನೂ ಬರೆಯುತ್ತೇನೆ. ನೀನು ಮದುವೆಗೆ ಹೋಗಿದ್ದ ವಾರ ನಾನು ಆ ಫಿಲ್ಮನ್ನು ಸಭೆಯಲ್ಲಿ ಇಟ್ಟೆ. ದೊಡ್ಡವರು ಒಮ್ಮೆ ಕಣ್ಣು ಹಾಯಿಸಿ, "ಸರಿಯಾಗಿ ತೊಳೆದಿಲ್ಲ. ಇದು ಕೊಳೆ" ಎಂದರು. ನಾನು, "ಇಲ್ಲ ಸಾರ್, ಎಷ್ಟು ಸಲ ಮಾಡಿದ್ರೂ ಅಲ್ಲೇ ಬರ್ತಿದೆ" ಎಂದೆ. ಅವರು ಎಲ್ಲರ ಕಡೆ ನೋಡಿ ನಕ್ಕು, "ಮನೇಲಿ ಪಾತ್ರೇನೂ ಹೀಗೇ ತೊಳೀತೀರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಉಪ್ಪೂ. ಅವರು ಅಂದದ್ದಕ್ಕಿಂತ ನಾನೂ ಜೊತೆಯಲ್ಲಿ ನಕ್ಕದ್ದು ನನ್ನನ್ನು ಈಗಲೂ ಹೆಚ್ಚು ಕಾಡುತ್ತದೆ.

ಅಪ್ಪನಿಗೆ ಹುಷಾರಿಲ್ಲದ್ದು ಸುಳ್ಳಲ್ಲ. ಅದೇ ವಾರ ತಂತಿ ಬಂತು. ಹೋಗಲು ಒಂದು ನೆಪ ಬೇಕಿತ್ತು, ಪಾಪ, ಅಪ್ಪ ಒದಗಿಸಿಕೊಟ್ಟರು. ಗುಣವಾದ ಮೇಲೆ ಅವರೇ, "ವಾಪಸ್ ಹೋಗಲ್ವಾ?" ಎಂದು ಕೇಳುತ್ತಿದ್ದರು. ಶಾಲೆಯ ಕೆಲಸ ಚೆನ್ನಾಗಿದೆ ಎಂದು ಹೇಳುತ್ತಿದ್ದೆ. ಚೆನ್ನಾಗಿಯೂ ಇತ್ತು. ಮಕ್ಕಳು ನನ್ನ ಕೈಯನ್ನು ನಂಬುತ್ತಾರೆ.

ಬಹುಶಃ ನಾನು ಸರಿ ಇದ್ದೆ ಎನ್ನುವ ಒಂದು ಮಾತನ್ನು ಹಿಡಿದುಕೊಂಡು ಇಷ್ಟು ವರ್ಷ ಬದುಕಿದ್ದೇನೆ. ಆ 'ಬಹುಶಃ' ನನಗೆ ಸಾಕು. ಆ ಸೀಸೆ ಕರಗಿದರೆ ಅದೂ ಕರಗುತ್ತದೆ. ನಿಜವಾಗಿಯೂ ನಾನು ತೊಳೆದದ್ದೇ ಸರಿಯಿರಲಿಲ್ಲ ಎಂದು ಬಂದರೆ ಯಾವ ಮುಖ ಇಟ್ಟುಕೊಂಡು ಮಕ್ಕಳಿಗೆ ಪ್ರಯೋಗ ಹೇಳಿಕೊಡಲಿ? ನೀನೂ ಅದೇ ಪದ ಬರೆದೆ, ಬರೀ ಕೊಳೆಯೋ ಎಂದು. ಅವರ ಜೊತೆ ಅಷ್ಟು ವರ್ಷ ಇದ್ದವಳಿಗೆ ಅವರ ಬಾಯಿ ಬಂದಿರುವುದು ಸಹಜ.

ಗಾಜು


20 ಮೇ 2008

ಗಾಜು,

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಮೇಲಿನ ಸಿಟ್ಟಿನಲ್ಲಿ ನಿನ್ನ ಹೆಸರೆತ್ತುವವರ ಬಾಯಿಯನ್ನೂ ಮುಚ್ಚಿಸುತ್ತಿದ್ದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟುಕೊಂಡೇ ಜೀವನ ಕಳೆದೆ, ಪಕ್ಕದ ಬೆಂಚಿನಲ್ಲಿ ಏನಾಯಿತೆಂದು ನನಗೆ ಕಾಣಲಿಲ್ಲ. ಕೊಳೆ ಎಂಬ ಪದವನ್ನು ನಾನು ದಿನವೂ ಆಡುತ್ತೇನೆ, ಅದು ನಿನಗೆ ಏನೆಂದು ತಿಳಿದಿದ್ದರೆ ಬರೆಯುತ್ತಿರಲಿಲ್ಲ.

ಟೈಪು ಯಾಕೆ ಎಂದು ಹೇಳುತ್ತೇನೆ. ನನ್ನ ಕೈ ನಡುಗುತ್ತದೆ. ಮೊದಲು ಬಲಗೈ, ಹೋದ ವರ್ಷದಿಂದ ಎಡಗೈಯೂ. ಡಾಕ್ಟರು ಇದಕ್ಕೊಂದು ಉದ್ದ ಹೆಸರು ಹೇಳಿ, ಇದು ಸಾಯಿಸುವುದಿಲ್ಲ, ಹೋಗುವುದೂ ಇಲ್ಲ ಎಂದರು. ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ. ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಓಡಾಡುತ್ತೇನೆ. ಎಲ್ಲರೂ ಅದನ್ನು ಗತ್ತು ಎಂದುಕೊಂಡಿದ್ದಾರೆ, ಇರಲಿ ಎಂದು ಸುಮ್ಮನಿದ್ದೇನೆ. ಕಪ್ಪಿನಲ್ಲಿ ಅರ್ಧ ಚಹಾ ಮಾತ್ರ ತರಿಸುತ್ತೇನೆ. ಈ ಕಾಗದವನ್ನು ಕೈಯಲ್ಲೇ ಬರೆಯುತ್ತೇನೆಂದು ಹಟ ಹಿಡಿದು ಬೆಳಿಗ್ಗೆ ಕೂತವಳು, ಈಗ ಸಂಜೆಯಾಯಿತು.

ಬೇರೆ ಯಾರ ಕೈಯಲ್ಲಾದರೂ ಮಾಡಿಸಬಹುದಿತ್ತು. ಆದರೆ ಅತ್ತೆಯ ಸೀರಮ್ಮು ಹಳೆಯ ಕಾಲದ್ದು. ಕಂಪನಿಯ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುವ ಹಾಗೆ ಇಷ್ಟು ನಿಮಿಷ, ಇಷ್ಟು ಸಲ ಎಂದರೆ ಅವಳು ಕೇಳುವುದಿಲ್ಲ. ಕಡಿಮೆ ತೊಳೆದರೆ ಫಿಲ್ಮೆಲ್ಲ ಮಬ್ಬು, ಹೆಚ್ಚು ತೊಳೆದರೆ ಗೆರೆಯೇ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ನಿನ್ನ ಕೈಗೆ ಗೊತ್ತಿತ್ತು. ಪಕ್ಕದಲ್ಲಿ ನಿಂತು ನೋಡಿದವಳು ನಾನು. ನೋಡಿಯೂ ನನಗೆ ಅದು ಪೂರ್ತಿ ಬರಲಿಲ್ಲ.

ನೀನು ಬಾ. ನೀನೇ ತೊಳೆ. ಏನೇ ಬರಲಿ, ನಿನ್ನ ಕೈಯಿಂದ ಬರಲಿ. ನನ್ನ ಕೈಗಳು ಕೆಟ್ಟುಹೋಗಿವೆ, ನಿನ್ನವು ಚೆನ್ನಾಗಿವೆ ಎಂದು ನನಗೆ ನಂಬಿಕೆಯಿದೆ. ಬೇಡ ಎಂದರೆ ಸೀಸೆಯನ್ನು ಮುಚ್ಚಿದ ಹಾಗೆಯೇ ಎಸೆಯುತ್ತೇನೆ. ಇನ್ನೊಮ್ಮೆ ಕೇಳುವುದಿಲ್ಲ.

ಉಪ್ಪು


3 ಜೂನ್ 2008

ಉಪ್ಪೂ,

ನಿನ್ನ ಕಾಗದ ಓದಲು ನನಗೂ ಒಂದು ಸಂಜೆ ಬೇಕಾಯಿತು. ಅಕ್ಷರದಿಂದಲ್ಲ. ಡಾಕ್ಟರ ಚೀಟಿ, ಕಾಗೆ ಕಾಲು ಎಂದು ಹಂಗಿಸಿದ್ದೆನಲ್ಲ, ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಹದಿನಾರಕ್ಕೆ ಬರುತ್ತೇನೆ. ಶಾಲೆಯಲ್ಲಿ ಅಕ್ಕನ ಮನೆಗೆ ಎಂದು ಹೇಳಿ ರಜೆ ಕೇಳಿದ್ದೇನೆ. ನನಗೆ ಅಕ್ಕ ಇಲ್ಲ ಎಂದು ಅವರಿಗೆ ಗೊತ್ತಿಲ್ಲ.

ಒಂದು ಷರತ್ತು. ದೊಡ್ಡವರಿಗೆ ವಿಷಯ ತಿಳಿಯಬಾರದು, ಬದುಕಿದ್ದರೆ.

ಗಾಜು


24 ಜೂನ್ 2008

ಪ್ರೀತಿಯ ಗಾಜು,

ನೀನು ಬರುವ ದಿನ ನಾನು ಬಾಗಿಲಲ್ಲಿ ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡಿದ್ದೆ. ನೀನು ಅವಕಾಶವನ್ನೇ ಕೊಡಲಿಲ್ಲ. ಕೂದಲೆಲ್ಲ ಬೆಳ್ಳಗಾಗಿ, ಕನ್ನಡಕ ಮೂಗಿನ ತುದಿಗೆ ಜಾರಿ, ಒಳಗೆ ಬಂದವಳೇ, "ಸಿಂಕ್ ಬದಲಾಯಿಸಿದ್ದಾರೆ" ಎಂದೆ. ಅಷ್ಟೇ. ಕೋಟು ಹಾಕಿಕೊಂಡು, ತೋಳು ಮಡಚಿಕೊಂಡು ನಿಂತುಬಿಟ್ಟೆ. ನಿನ್ನೆ ಬಿಟ್ಟ ಕೆಲಸಕ್ಕೆ ಇವತ್ತು ಬಂದವಳ ಹಾಗೆ.

ಈಗಿನ ಪೈಪೆಟ್ಟುಗಳನ್ನು ನೀನು ಬೈದೆ. ಆದರೂ ನಿನ್ನ ಕೈ ತಪ್ಪಲಿಲ್ಲ. ಏನನ್ನೂ ಒಡೆಯಲೂ ಇಲ್ಲ, ಈಗ ಎಲ್ಲ ಪ್ಲಾಸ್ಟಿಕ್ಕು ಎಂದು ಬೇಜಾರು ಮಾಡಿಕೊಂಡೆ. ಅಲುಗಿಸುವ ಯಂತ್ರ ಚೆನ್ನಾಗಿದ್ದರೂ ಅದನ್ನು ಪಕ್ಕಕ್ಕೆ ತಳ್ಳಿ ತಟ್ಟೆಯನ್ನು ಕೈಯಲ್ಲೇ ತೂಗಿದೆ. ನಾನು ಪಕ್ಕದಲ್ಲಿ ಕೂತು ಕಟ್ಟಡದವರ ಸುದ್ದಿ ಹೇಳಿದೆ. ಎಷ್ಟೋ ಹೆಸರುಗಳು ನಿನಗೆ ಗೊತ್ತಿರಲಿಲ್ಲ, ಗೊತ್ತಿದ್ದವರಲ್ಲಿ ಹೆಚ್ಚಿನವರು ಇಲ್ಲ. ನಾನು ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟುಕೊಂಡಿದ್ದೆ. ನೀನು ನೋಡಿಯೂ ನೋಡದ ಹಾಗಿದ್ದೆ. ಅದಕ್ಕಾಗಿ ನಿನ್ನನ್ನು ಇನ್ನಷ್ಟು ಪ್ರೀತಿಸಿದೆ. ಒಂದು ಹಂತದಲ್ಲಿ ನೀನು ತಟ್ಟೆಯ ಮೂಲೆಯಿಂದ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ, "ಸಾಕು" ಎಂದೆ. ಗಡಿಯಾರ ನೋಡಲಿಲ್ಲ.

ಆಮೇಲೆ ನೀನು ಮಾಡಿದ್ದನ್ನು ಮಾತ್ರ ಕ್ಷಮಿಸುವುದಿಲ್ಲ. ನಾನು ಕತ್ತಲೆಕೋಣೆಯ ಕೆಂಪು ದೀಪ ಹಾಕಿ, ಫಿಲ್ಮಿನ ಪೆಟ್ಟಿಗೆ ತೆಗೆದಿಟ್ಟು, ನಿನ್ನನ್ನು ಕರೆಯಲು ಹೊರಗೆ ಬಂದೆ. ಕೋಟು ಮೊಳೆಯಲ್ಲಿ ನೇತಾಡುತ್ತಿತ್ತು. ಕೆಳಗೆ ಕಾವಲಿನವರು, "ರೈಲಿಗೆ ಹೊತ್ತಾಯ್ತು ಅಂತ ಹೇಳಿ ಹೋದ್ರು ಮೇಡಂ" ಎಂದರು. ನಿನ್ನ ರೈಲು ಮರುದಿನಕ್ಕಿತ್ತು.

ಫಿಲ್ಮನ್ನು ನಾನೇ ತೊಳೆದೆ. ದ್ರಾವಣದಲ್ಲಿ ಅದನ್ನು ಅಲ್ಲಾಡಿಸುತ್ತಲೇ ಇರಬೇಕಲ್ಲ, ಆ ಒಂದು ಕೆಲಸಕ್ಕೆ ನನ್ನ ಕೈ ಹೇಳಿ ಮಾಡಿಸಿದ ಹಾಗಿದೆ. ಏನು ಬಂತೆಂದು ಬರೆಯುವುದಿಲ್ಲ. ಇದರೊಡನೆ ಇನ್ನೊಂದು ಲಕೋಟೆ ಇದೆ, ಅದರಲ್ಲಿ ಫಿಲ್ಮಿದೆ. ಎಡಕ್ಕೆ ಅತ್ತೆ, ಬಲಕ್ಕೆ ತಂಗಿಯ ಆಂಟಿಬಾಡಿ. ಒಂದೇ ಪೊರೆಯ ಎರಡು ಅರ್ಧಗಳನ್ನು ಕತ್ತರಿಸಿದ ಅಂಚಿಗೆ ಸರಿಯಾಗಿ ಜೋಡಿಸಿದ್ದೇನೆ, ಎತ್ತರ ಹೋಲಿಸಬಹುದು. ಓದುವುದು ನಿನಗೆ ಬರುತ್ತದೆ.

ಇನ್ನೊಂದು ಮಾತು. ದೊಡ್ಡವರು ಬದುಕಿದ್ದಾರೆ. ಕಾಲುಗಳು ಸ್ವಾಧೀನದಲ್ಲಿಲ್ಲ, ತಲೆ ಚುರುಕಾಗಿದೆ. ಪ್ರತಿ ಭಾನುವಾರ ನಾನು ಹೋಗಿ ಪತ್ರಿಕೆ ಓದಿ ಹೇಳುತ್ತೇನೆ. ನಿನ್ನೆದುರು ಬಾಯಿ ಬಿಡಲಿಲ್ಲ, ಅವರ ಕಡೆಯವಳು ಎಂದುಕೊಳ್ಳುವೆ ಎಂಬ ಭಯ. ನನಗೆ ಪ್ರೀತಿಯಿಂದ ಕೆಲಸ ಕಲಿಸಿದವರು ಅವರು. ನಿನಗೆ ಹಾಗೆ ಅಂದವರೂ ಅವರೇ. ಇವೆರಡನ್ನೂ ಒಟ್ಟಿಗೆ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯದೆ ಮೊನ್ನೆ ಭಾನುವಾರ ಹೋಗಲೇ ಇಲ್ಲ. ಅದೇ ಪೊರೆಯಿಂದ ಎರಡನೆಯ ಫಿಲ್ಮನ್ನೂ ತೆಗೆದಿಟ್ಟಿದ್ದೇನೆ. ನೀನು ಬೇಡ ಎಂದಿದ್ದೀಯ, ಆದ್ದರಿಂದ ಅವರಿಗೆ ತೋರಿಸಿಲ್ಲ. ಓದಿದ ಮೇಲೆ ಏನು ಮಾಡಲಿ ಎಂದು ಹೇಳು.

ನಿನ್ನ
ಉಪ್ಪು


14 ಜುಲೈ 2008

ಗಾಜು,

ನಾನೀಗ ಮನೆಯಲ್ಲಿದ್ದೇನೆ. ಕೊನೆಯ ದಿನ ಭಾಷಣಗಳಾದವು, ಅವರು ನನ್ನ ಹೆಸರಿನಲ್ಲಿ ವರ್ಣಿಸಿದವಳನ್ನು ನಾನೂ ಒಮ್ಮೆ ಭೇಟಿಯಾಗಬೇಕು ಅನಿಸಿತು. ಎಲ್ಲರೂ ಹೋದ ಮೇಲೆ ಫ್ರೀಜರಿನ ಸ್ವಿಚ್ಚನ್ನು ನಾನೇ ಆರಿಸಿದೆ. ಅದರ ಗುಂಯ್ ಎನ್ನುವ ಸದ್ದು ನಿಂತಾಗಲೇ ಅದು ಇಷ್ಟು ವರ್ಷ ಇತ್ತು ಎಂದು ಗೊತ್ತಾದದ್ದು. ಓಣಿ ಅಷ್ಟು ಉದ್ದವಿದೆ ಎಂದು ಮೊದಲು ಅನಿಸಿರಲಿಲ್ಲ.

ನಿನ್ನಿಂದ ಉತ್ತರವಿಲ್ಲ. ಲಕೋಟೆ ಒಡೆದು ಬೇಸರವಾಗಿದೆಯೋ, ಒಡೆದೇ ಇಲ್ಲವೋ ಎಂದು ನನಗೆ ನಾನೇ ವಾದ ಮಾಡುತ್ತಿದ್ದೇನೆ. ನಿನ್ನನ್ನು ಬಲ್ಲವಳಾದ್ದರಿಂದ ಒಡೆದಿಲ್ಲ ಎಂಬ ಕಡೆ ನಿಂತಿದ್ದೇನೆ. ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅದು ಒಂಟಿ, ಆ ಭಯವಿಲ್ಲ. ನಿಧಾನವಾಗಿಯೇ ನೋಡು.

ಉಪ್ಪು


2 ಆಗಸ್ಟ್ 2008

ನನ್ನ ಉಪ್ಪೂ,

ನೀನೇ ಗೆದ್ದೆ, ಒಡೆದಿರಲಿಲ್ಲ. ಲಕೋಟೆಯನ್ನು ಶಾಲೆಯ ಮೇಜಿನ ಡ್ರಾಯರಿನಲ್ಲಿಟ್ಟು, ಅದರ ಮೇಲೆ ಮಕ್ಕಳ ಉತ್ತರಪತ್ರಿಕೆಗಳನ್ನು ಪೇರಿಸಿದ್ದೆ. ಇವತ್ತು ಶನಿವಾರ, ಮಧ್ಯಾಹ್ನಕ್ಕೆ ಶಾಲೆ ಬಿಟ್ಟಿತು. ಪತ್ರಿಕೆಗಳೆಲ್ಲ ತಿದ್ದಿ ಮುಗಿದಿದ್ದವು. ಬೇರೆ ನೆಪ ಸಿಗಲಿಲ್ಲ.

ಫಿಲ್ಮನ್ನು ಪ್ರಯೋಗಾಲಯದ ಕಿಟಕಿಗೆ ಹಿಡಿದೆ. ಮೊದಲು ಗೆರೆಗಳನ್ನು ನೋಡಲಿಲ್ಲ, ಗೆರೆಗಳ ನಡುವಿನ ಜಾಗ ನೋಡಿದೆ. ಕೊಳೆ ಇದ್ದರೆ ಕಾಣುವುದು ಅಲ್ಲೇ. ಏನೂ ಇರಲಿಲ್ಲ. ಮೈದಾನ, ಅದರಾಚೆಯ ಗೋಡೆ, ಗೋಡೆಯ ಮೇಲೆ ಕೂತಿದ್ದ ಬೆಕ್ಕು, ಎಲ್ಲವೂ ಫಿಲ್ಮಿನ ಮೂಲಕ ಸ್ಪಷ್ಟವಾಗಿ ಕಾಣುತ್ತಿದ್ದವು.

ಆಮೇಲೆ ಗೆರೆಗಳು. ಎಡಕ್ಕೆ ಅಕ್ಕ, ಅದೇ ಇನ್ಸುಲಿನ್ ರಿಸೆಪ್ಟರ್, ತನ್ನ ಜಾಗದಲ್ಲಿದ್ದಾಳೆ. ಅವಳ ಮೇಲೆ ನನ್ನ ಗೆರೆ. ಅದೇ ಗೆರೆ ಉಪ್ಪೂ, ಕಣ್ಣು ಮುಚ್ಚಿದರೂ ನಾನು ಗುರುತಿಸುತ್ತಿದ್ದೆ. ನಿಧಾನವಾಗಿ ಬಲಕ್ಕೆ ಬಂದೆ. ಅಲ್ಲಿ ಅಕ್ಕ ಇಲ್ಲ. ನನ್ನ ಗೆರೆಯ ಎತ್ತರಕ್ಕೆ ಸರಿಯಾಗಿ ತಂಗಿ ಒಬ್ಬಳೇ ನಿಂತಿದ್ದಾಳೆ.

ಹಾಗಾದರೆ ನಾನು ಹೇಳಿದ್ದು ತಪ್ಪು. ಅದು ಇನ್ಸುಲಿನ್ ರಿಸೆಪ್ಟರಿನ ಇನ್ನೊಂದು ರೂಪವಲ್ಲ, ಅದು ತಂಗಿ. ಮಾಸಿನಲ್ಲಿ ಅಕ್ಕತಂಗಿಯರಿಬ್ಬರೂ ಇದ್ದಿರಬೇಕು. ನಾವು ಅಕ್ಕನೊಬ್ಬಳನ್ನೇ ತಂದೆವೆಂದುಕೊಂಡು ಇಬ್ಬರನ್ನೂ ಅತ್ತೆಗೆ ಪರಿಚಯಿಸಿದೆವು, ಅವಳು ಇಬ್ಬರ ಮುಖವನ್ನೂ ನೆನಪಿಟ್ಟುಕೊಂಡಳು.

ಅಳು ಬರುತ್ತದೆ ಎಂದುಕೊಂಡಿದ್ದೆ, ನಗು ಬಂತು. ಒಬ್ಬಳೇ ನಿಂತು ನಕ್ಕೆ. ಎಂಥ ಒಳ್ಳೆಯ ತಪ್ಪು ಅದು. ಆಗ ಯಾರಾದರೂ, "ನೀನು ಹೇಳೋದು ತಪ್ಪು ಅನ್ಸುತ್ತೆ, ಯಾಕೆ ಅಂತ ನೋಡೋಣ ಬಾ" ಎಂದಿದ್ದರೆ ನಾನು ಜಗಳವಾಡುತ್ತಿದ್ದೆ, ನೀನು ನನ್ನ ಪರವಾಗಿ ಜಗಳವಾಡುತ್ತಿದ್ದೆ, ಕೊನೆಗೆ ಇಬ್ಬರೂ ತಟ್ಟೆ ತೂಗುತ್ತಾ ತೂಗುತ್ತಾ ಆ ತಂಗಿಯ ಸೆರಗು ಹಿಡಿಯುತ್ತಿದ್ದೆವು. ತಪ್ಪು ಎಂದರೆ ತಿದ್ದಿಕೊಳ್ಳಬಹುದು, ತಪ್ಪಿನ ಹಿಂದೆ ಹೋದರೆ ಏನಾದರೂ ಸಿಗುತ್ತದೆ. ಕೊಳೆ ಎಂದ ಮೇಲೆ ಅದರ ಹಿಂದೆ ಯಾರು ಹೋಗುತ್ತಾರೆ? ಉಳಿದವರಿಗೆಲ್ಲ ಸಿಗುತ್ತಿದ್ದ ತಪ್ಪು ಮಾಡುವ ಅವಕಾಶ ನನಗೆ ಮಾತ್ರ ಸಿಗಲಿಲ್ಲ. ಇದು ಹೊಳೆದಾಗ ಅಳು ಬಂತು. ಮನೆಗೆ ಬಂದು ಚೆನ್ನಾಗಿ ಅತ್ತುಬಿಟ್ಟೆ. ಆ ವರ್ಷಗಳು ಬೇಕಾಗಿದ್ದವು ನನಗೆ, ಆ ತಂಪು ಕೋಣೆ, ನೀನು, ಎಲ್ಲವೂ. ಈಗ ಕೇಳಿದರೆ ಯಾರೂ ಕೊಡುವುದಿಲ್ಲ ಎಂದು ಗೊತ್ತು.

ಓಡಿಹೋದದ್ದಕ್ಕೆ ಬೈಯಬೇಡ. ಅಕ್ಟೋಬರಿನಲ್ಲಿ ರಜೆಯಿದೆ, ಇಲ್ಲಿಗೆ ಬಾ. ಇಲ್ಲಿ ಯಾರೂ ನಿನಗೆ ಮೇಡಂ ಅನ್ನುವುದಿಲ್ಲ, ಚಹಾವನ್ನು ದೊಡ್ಡ ಲೋಟದಲ್ಲಿ ಅರ್ಧ ಹಾಕಿಕೊಡುತ್ತೇನೆ.

ದೊಡ್ಡವರ ಬಳಿಗೆ ನೀನು ಹೋಗುವುದನ್ನು ನಿಲ್ಲಿಸಬೇಡ. ನನ್ನ ಸಿಟ್ಟನ್ನು ನಾನೇ ನೋಡಿಕೊಳ್ಳುತ್ತೇನೆ, ಅದನ್ನು ನೀನು ಹೊರುವುದು ಬೇಡ. ನನ್ನ ಷರತ್ತನ್ನೂ ವಾಪಸು ತೆಗೆದುಕೊಂಡಿದ್ದೇನೆ. ಬರುವ ಭಾನುವಾರ ಆ ಎರಡನೆಯ ಫಿಲ್ಮನ್ನು ತೆಗೆದುಕೊಂಡು ಹೋಗು. ಪಾತ್ರೆಯ ಮಾತು ಎತ್ತಬೇಡ, ಅವರಿಗೆ ಅದು ನೆನಪೂ ಇರಲಿಕ್ಕಿಲ್ಲ. ಗೆರೆ ಯಾರದೆಂದು ನಾನು ತಪ್ಪಾಗಿ ಹೇಳಿದ್ದೆ, ಅದು ತಂಗಿ, ಆ ತಪ್ಪು ನನ್ನದೇ ಎಂದು ನನ್ನ ಪರವಾಗಿ ಹೇಳು. ಉಳಿದದ್ದನ್ನು ನೀನೂ ಹೇಳಬೇಡ, ನಾನೂ ಬರೆಯುವುದಿಲ್ಲ. ಫಿಲ್ಮು ಓದುವುದನ್ನು ನಮಗೆ ಕಲಿಸಿದವರೇ ಅವರು. ಕಿಟಕಿಯ ಬಳಿ ಕೂರಿಸಿ ಅವರ ಕೈಗೆ ಕೊಡು. ಅವರು ಅದನ್ನು ಬೆಳಕಿಗೆ ಹಿಡಿದು, ಗೆರೆಗಳನ್ನೂ ಗೆರೆಗಳ ನಡುವಿನ ಜಾಗವನ್ನೂ ಪೂರ್ತಿ ನೋಡಿ ಮುಗಿಸುವವರೆಗೆ ನೀನು ಅಲ್ಲಿಂದ ಏಳಬೇಡ.

ನಿನ್ನ
ಗಾಜು